ಕ್ರಿಫೆಲ್ ಬೆಟ್ಟಕ್ಕೂ ಹೋಗಿ ಬನ್ನಿ

ಸ್ಕಾಟ್ಲೆಂಡಿಗೆ ಬರುವ ನಮ್ಮವರೆಲ್ಲ ಕೇಳುವುದು ಎರಡೇ ಹೆಸರು. ಇಲ್ಲಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್, ಮತ್ತೆ ಸ್ಕೈ ದ್ವೀಪ. ಇಲ್ಲಿಯವರಿಗೆ ಇನ್ನೊಂದು ಹುಚ್ಚು, ಮನ್ರೋ ಹುಚ್ಚು. 1891ರಲ್ಲಿ ಹ್ಯೂ ಮನ್ರೋ ಅನ್ನುವವರು 3,000 ಅಡಿಗಿಂತ ಎತ್ತರದ ಬೆಟ್ಟಗಳ ಪಟ್ಟಿ ಮಾಡಿದರು. ಈಗ ಅದರಲ್ಲಿ 282 ಬೆಟ್ಟಗಳಿವೆ, ಒಂದೊಂದನ್ನೇ ಹತ್ತಿ ಗುರುತು ಹಾಕುತ್ತಾ ಹೋಗುತ್ತಾರೆ. ತಪ್ಪೇನಿಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದ್ದು ಬೆಟ್ಟವೇ ಅಲ್ಲ ಅನ್ನೋ ಹಾಗೆ ಮಾತಾಡಿದರೆ ನನಗೆ ತುಂಬಾ ಬೇಜಾರಾಗುತ್ತದೆ.

ಕ್ರಿಫೆಲ್ ನೋಡಿ. ದಕ್ಷಿಣದ ಡಂಫ್ರೀಸ್ ಪಟ್ಟಣದ ಹತ್ತಿರ, ಸಾಲ್ವೇ ಕೊಲ್ಲಿಯ ದಂಡೆಯಲ್ಲಿದೆ. ಎತ್ತರ 569 ಮೀಟರ್. ನಂದಿಬೆಟ್ಟದ ಅರ್ಧವೂ ಆಗಲಿಲ್ಲ ಅಲ್ವಾ? ಆದರೆ ನಂದಿಯ ಬುಡವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಹೆಚ್ಚುಕಡಿಮೆ ಕಡಲ ಮಟ್ಟದಿಂದಲೇ ಹತ್ತಬೇಕು, ಅದು ಮಂಡಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಆರ್ಡ್‌ವಾಲ್ ಹತ್ತಿರ ಕಾರು ನಿಲ್ಲಿಸಿ ಹೊರಟರೆ ಮೊದಲು ನೆಟ್ಟು ಬೆಳೆಸಿದ ಕಾಡು, ಪಕ್ಕದಲ್ಲೇ ಹಳ್ಳ. ಕಾಡು ಮುಗಿದ ಮೇಲೆ ಹೀದರ್ ಅನ್ನುವ ಕುರುಚಲು ಗಿಡಗಳು, ನಡುವೆ ಪೀಟ್ ಕೆಸರು, ಅಂದರೆ ಅರೆಕೊಳೆತ ಗಿಡಗಂಟಿಗಳಿಂದಾದ ಒದ್ದೆ ಮಣ್ಣು. ಕಾಫಿ ಚರಟದಷ್ಟು ಕಪ್ಪು. ಬೂಟು ಪಚಕ್ ಅಂತ ಇಳಿಯುತ್ತದೆ, ಕಿತ್ತು ಮೇಲೆತ್ತಿದರೆ ಆ ಗುರುತಿನೊಳಗೆ ನೀರು ಮೆಲ್ಲಗೆ ಒಸರಿ ತುಂಬಿಕೊಳ್ಳುತ್ತದೆ. ನಾನು ಸುಮ್ನೆ ನಿಂತು ಅದನ್ನೇ ನೋಡಿದ್ದೇನೆ.

ತುದಿಯಲ್ಲಿ ದೊಡ್ಡ ಕಲ್ಲುಗುಪ್ಪೆ. ಅದಕ್ಕೆ ಬೆನ್ನು ಕೊಟ್ಟು ಕೂತರೆ ಗಾಳಿ ತಪ್ಪುತ್ತದೆ. ಕೆಳಗೆ ಕಡಲು ಇಳಿದಾಗ ಮೈಲಿಗಟ್ಟಲೆ ಮರಳು, ಆಚೆ ದಡದಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳ ಸಾಲು. ಇಷ್ಟು ನೋಡೋಕೆ ಟಿಕೆಟ್ ಇಲ್ಲ, ಪರ್ಮಿಟ್ ಇಲ್ಲ. 2003ರ ಭೂ ಸುಧಾರಣಾ ಕಾಯ್ದೆ ಇಲ್ಲಿ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದ ಕಾನೂನು ಅದು.

ಇಳಿದ ಮೇಲೆ ಹಾಗೇ ಮನೆಗೆ ಹೊರಡಬೇಡಿ. ಬೆಟ್ಟದ ಬುಡದ ನ್ಯೂ ಆ್ಯಬಿ ಊರಲ್ಲಿ ಸ್ವೀಟ್‌ಹಾರ್ಟ್ ಆ್ಯಬಿ ಅಂತ ಪಾಳುಬಿದ್ದ ಮಠ ಇದೆ. 1273ರಲ್ಲಿ ದೆವೊರ್ಗಿಲಾ ಅನ್ನುವ ಹೆಂಗಸು ತೀರಿಹೋದ ಗಂಡ ಜಾನ್ ಬೇಲಿಯಲ್ ನೆನಪಿಗೆ ಕಟ್ಟಿಸಿದ್ದು. ಅವನ ಹೃದಯವನ್ನು ಕೆಡದ ಹಾಗೆ ಪೆಟ್ಟಿಗೆಯಲ್ಲಿಟ್ಟು ಕೊನೆತನಕ ಜೊತೆಗೇ ಇಟ್ಟುಕೊಂಡಿದ್ದಳಂತೆ, ಅದರ ಜೊತೆಗೇ ಅವಳನ್ನು ಇಲ್ಲಿ ಮಣ್ಣು ಮಾಡಿದರು. ಮಠ ಕಟ್ಟಿದ್ದು ಕೆಂಪು ಮರಳುಗಲ್ಲಿನಲ್ಲಿ. ಸುತ್ತಿನ ಗೋಡೆಗೆ ಮಾತ್ರ ದಪ್ಪ ದಪ್ಪ ಗ್ರಾನೈಟ್ ಗುಂಡುಗಳು. ಮುಟ್ಟಿ ನೋಡಿ, ಒರಟೊರಟಾಗಿ, ತಣ್ಣಗಿರುತ್ತವೆ. ಈಗಷ್ಟೇ ಹತ್ತಿಳಿದ ಬೆಟ್ಟದ್ದೂ ಅದೇ ಕಲ್ಲು.