ತಾನೇ ಹಿಂದಿರುಗುವ ಕಡ್ಡಿ

ಕಾರಿನೊಳಗೆ ಸ್ಟೀರಿಂಗ್ ಪಕ್ಕದಲ್ಲಿ ಚಾಚಿಕೊಂಡಿರುವ ಇಂಡಿಕೇಟರ್ ಲಿವರ್‌ನಷ್ಟು ಬಡಪಾಯಿ ವಸ್ತು ಇನ್ನೊಂದಿಲ್ಲ. ಗೇರಿನ ಗುಂಡಿಗಾದರೂ ಆಗಾಗ ಬಟ್ಟೆ ತಾಗುತ್ತದೆ. ಇದನ್ನು ಯಾರೂ ನೋಡುವುದೂ ಇಲ್ಲ. ಬೆರಳು ಮಾತ್ರ ತನ್ನ ಪಾಡಿಗೆ ತಾನು ಅಲ್ಲಿಗೆ ಹೋಗಿ ತಟ್ಟಿ ಬರುತ್ತದೆ. ಮೇಲೆತ್ತಿದರೆ ಒಂದು ದಿಕ್ಕು, ಇಳಿಸಿದರೆ ಇನ್ನೊಂದು, ತನ್ನತ್ತ ಎಳೆದರೆ ಡಿಪ್ಪರ್, ತುದಿ ತಿರುವಿದರೆ ಹೆಡ್‌ಲೈಟ್. ಇದೂ ವೈಪರ್ ಲಿವರೂ ಸೇರಿದ ಇಡೀ ಜೋಡಣೆಗೆ ಅಂಗಡಿಯಲ್ಲಿ ಕಾಂಬಿನೇಷನ್ ಸ್ವಿಚ್ ಎನ್ನುತ್ತಾರೆ.

ಇದರ ನಿಜವಾದ ಜಾಣತನ ಇರುವುದು ಹಿಂದಿರುಗುವುದರಲ್ಲಿ. ಸ್ಟೀರಿಂಗಿನ ಜೊತೆಗೇ ತಿರುಗುವ ಒಂದು ಗೊಣಸು (ಸಣ್ಣ ಉಬ್ಬು), ಸ್ವಿಚ್ಚಿನ ಕಡೆಯಿಂದ ಹೊರಚಾಚಿದ ಒಂದು ಪುಟ್ಟ ಪ್ಲಾಸ್ಟಿಕ್ ಬೆರಳು: ಇಷ್ಟೇ ಸಂಸಾರ. ತಿರುವಿಗೆ ಹೋಗುವಾಗ ಗೊಣಸು ಬೆರಳನ್ನು ಸವರಿಕೊಂಡು ಸುಮ್ಮನೆ ದಾಟುತ್ತದೆ. ಚಕ್ರ ನೇರವಾಗುತ್ತ ಬಂದಾಗ ಅದೇ ಗೊಣಸು ಎದುರು ದಿಕ್ಕಿನಿಂದ ಬೆರಳನ್ನು ತಳ್ಳಿ, ಲಿವರನ್ನು ನಡುವಿಗೆ ಎಗರಿಸುತ್ತದೆ. ಆ ಹೊತ್ತಿನಲ್ಲಿ ಲಿವರನ್ನು ಕೈಯಲ್ಲಿ ಅದುಮಿ ಹಿಡಿದರೆ ಪೆಟ್ಟೆಲ್ಲ ಆ ಪ್ಲಾಸ್ಟಿಕ್ ಬೆರಳಿಗೆ. ವರ್ಷಗಟ್ಟಲೆ ಬಿಸಿಲು ಕಂಡ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ. ಒಂದು ದಿನ ಮುರಿಯುತ್ತದೆ. ಆಮೇಲೆ ಗಾಡಿ ನೇರ ರಸ್ತೆಯಲ್ಲಿ ಮೈಲಿಗಟ್ಟಲೆ ಎಡಕ್ಕೆ ಕಣ್ಣು ಹೊಡೆಯುತ್ತ ಹೋಗುತ್ತದೆ.

ಆದರೆ ದೀಪದ ತೊಂದರೆಗೆಲ್ಲ ಲಿವರನ್ನೇ ಹೊಣೆ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಒಂದು ಕಡೆಯ ಇಂಡಿಕೇಟರ್ ಮಾತ್ರ ಗಡಿಬಿಡಿಯಿಂದ ಮಿಟುಕಿದರೆ ಆ ಕಡೆಯ ಬಲ್ಬ್ ಹೋಗಿದೆ. ಇಂಡಿಕೇಟರೂ ಇಲ್ಲ, ಎರಡೂ ಕಡೆ ಒಟ್ಟಿಗೆ ಮಿಟುಕುವ ಹಜಾರ್ಡೂ ಇಲ್ಲ ಎಂದರೆ ಫ್ಯೂಸ್, ದೀಪ ಮಿಟುಕಿಸುವ ಫ್ಲ್ಯಾಷರ್ ನೋಡಬೇಕು. ಹಜಾರ್ಡ್ ಚೆನ್ನಾಗಿದ್ದು ಇಂಡಿಕೇಟರ್ ಸತ್ತಿದ್ದರೆ ಮೊದಲು ಇಂಡಿಕೇಟರ್ ಫ್ಯೂಸ್, ಅದು ಸರಿಯಿದ್ದರೆ ಆಗ ಲಿವರ್. ಲಿವರನ್ನು ಸ್ವಲ್ಪ ಅಲುಗಿಸಿದಾಗ ದೀಪ ಬಂದು ಹೋಗುತ್ತಿದ್ದರಂತೂ ಅನುಮಾನವೇ ಬೇಡ.

ಹೆಡ್‌ಲೈಟಿನದು ಬೇರೆ ಕಥೆ. ಎಷ್ಟೋ ಹಳೆಯ ಗಾಡಿಗಳಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್) ಇಲ್ಲ; ಬಲ್ಬಿನ ಕರೆಂಟೆಲ್ಲ ಈ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. 60 ವ್ಯಾಟಿನ ಎರಡು ಹೈಬೀಮ್ ಎಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ಪ್ರತಿ ಸಲ ಆರಿಸಿ ಹಚ್ಚುವಾಗ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರಿ ಮಸಿ ಕಟ್ಟುತ್ತದೆ. ಮಸಿಯಿಂದ ರೋಧ, ರೋಧದಿಂದ ಶಾಖ, ಶಾಖದಿಂದ ಪ್ಲಾಸ್ಟಿಕ್ ಕರಗುವುದು. ಜಾಸ್ತಿ ಬೆಳಕು ಬೇಕೆಂದು 100 ವ್ಯಾಟಿನ ಬಲ್ಬ್ ಹಾಕಿಸಿದವರ ಸ್ವಿಚ್ ಬೇಗ ಕರಗಿದರೆ ತಪ್ಪು ಸ್ವಿಚ್ಚಿನದಲ್ಲ. ಇಂಥ ಕಡೆ ರಿಲೇ ಹಾಕದೆ ಬರೀ ಲಿವರ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಹೊಸದನ್ನು ಕೊಳ್ಳುವಾಗ ರೂಪಕ್ಕೆ ಮರುಳಾಗಬಾರದು. ನೋಡಲು ಅವಳಿಯಂತಿರುತ್ತವೆ; ಪ್ಲಗ್ಗಿನ ಪಿನ್ ಎಣಿಸಿದರೆ ಒಂದಕ್ಕೆ ಎರಡು ಕಡಿಮೆ. ಫಾಗ್‌ಲೈಟ್, ಬಿಟ್ಟು ಬಿಟ್ಟು ಓಡುವ ವೈಪರ್, ಹಿಂದಿನ ವೈಪರ್ ಇದ್ದರೆ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು. ಹಳೆಯದನ್ನು ಬಿಚ್ಚಿ, ಬೆನ್ನ ಮೇಲಿನ ಪಾರ್ಟ್ ನಂಬರ್ ಓದಿಕೊಂಡು ಹೋಗುವುದೇ ಸರಿ.

ಬಿಚ್ಚುವ ಮೊದಲು ಚಕ್ರ ನೇರ ಮಾಡಿ ಬ್ಯಾಟರಿಯ ಮೈನಸ್ ತಂತಿ ತೆಗೆಯಬೇಕು. ಏರ್‌ಬ್ಯಾಗ್ ಇದ್ದರೆ ಗಾಡಿಯ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಲೇಬೇಕು. ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗನ್ನು ಸಿಡಿಸುವಷ್ಟು ಚಾರ್ಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಕಳಚಿದ ಏರ್‌ಬ್ಯಾಗನ್ನು ಮುಖ ಮೇಲಾಗಿಯೇ ಇಡಬೇಕು. ಸ್ಟೀರಿಂಗ್ ಕಾಲಮ್ಮಿನ ಕವರಿನ ಸ್ಕ್ರೂಗಳು ಕೆಳಗಿನಿಂದ ಕಾಣುತ್ತವೆ. ಎಲ್ಲ ತೆಗೆದರೂ ಕವರ್ ಬಿಡದಿದ್ದರೆ ಜಗ್ಗಬಾರದು, ಎಲ್ಲೋ ಒಂದು ಅಡಗಿ ಕೂತಿದೆ.

ಕೆಲವು ಗಾಡಿಗಳಲ್ಲಿ ಇಷ್ಟಕ್ಕೇ ಪುಣ್ಯ: ಎರಡು ಸ್ಕ್ರೂ ಸಡಿಲಿಸಿದರೆ ಲಿವರ್ ಪಕ್ಕಕ್ಕೆ ಜಾರಿ ಬರುತ್ತದೆ. ಇನ್ನು ಕೆಲವಕ್ಕೆ ಸ್ಟೀರಿಂಗನ್ನೇ ಇಳಿಸಬೇಕು. ಅದರ ನಡುವಿನ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಿ ಎಳೆಯುವುದು ಮೂಗಿಗೆ ಒಳ್ಳೆಯದು, ಏಕೆಂದರೆ ಬಿಗಿದು ಕೂತ ಸ್ಟೀರಿಂಗ್ ಬಿಟ್ಟಾಗ ನೇರ ಮುಖಕ್ಕೇ ಬರುತ್ತದೆ. ಇಳಿಸುವ ಮೊದಲು ಶಾಫ್ಟಿಗೂ ಸ್ಟೀರಿಂಗಿಗೂ ಸೇರಿಸಿ ಬಣ್ಣದ ಒಂದು ಗೀಟು ಎಳೆಯಬೇಕು. ಶಾಫ್ಟಿನಲ್ಲಿ 36 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದರೂ 10 ಡಿಗ್ರಿ ಓರೆ. ಏರ್‌ಬ್ಯಾಗಿನ ತಂತಿ ಸುತ್ತಿಕೊಂಡಿರುವ ಕ್ಲಾಕ್ ಸ್ಪ್ರಿಂಗನ್ನು ಹೊರಗಿಟ್ಟಾಗ ತಿರುಗದಂತೆ ಟೇಪ್ ಹಚ್ಚಬೇಕು. ಅದರ ನಡು ತಪ್ಪಿದರೆ ಮೊದಲ ಪೂರ್ತಿ ತಿರುವಿನಲ್ಲೇ ಒಳಗಿನ ಪಟ್ಟಿ ಹರಿದು ಹಾರ್ನೂ ಏರ್‌ಬ್ಯಾಗೂ ಒಟ್ಟಿಗೆ ಹೋಗುತ್ತವೆ.

ಹಳೆಯ ಸ್ವಿಚ್ಚನ್ನೇ ಬಿಚ್ಚಿ ಮಸಿ ಒರೆಸುವ ಆಸೆ ಯಾರಿಗಾದರೂ ಬರುತ್ತದೆ. ಹಾಗಾದರೆ ದೊಡ್ಡದೊಂದು ಪಾರದರ್ಶಕ ಚೀಲದೊಳಗೆ ಕೈ ಹಾಕಿಯೇ ಬಿಚ್ಚುವುದು ಕ್ಷೇಮ. ಲಿವರಿಗೆ ಟಕ್ ಟಕ್ ಕೊಡುವ ಸ್ಪ್ರಿಂಗ್, ಅದರ ತುದಿಯ ಉಕ್ಕಿನ ಗುಂಡು ಎರಡೂ ಇಂಥ ಗಳಿಗೆಗಾಗಿಯೇ ಕಾಯುತ್ತಿರುತ್ತವೆ. ಸೀಟಿನ ಅಡಿಗೆ ಹೋದ ಗುಂಡು ಮರಳಿ ಸಿಕ್ಕರೆ ಅದೃಷ್ಟ.

ಜೋಡಿಸಿದ ಮೇಲೆ ಕವರ್ ಮುಚ್ಚುವ ಮುಂಚೆಯೇ ಪರೀಕ್ಷೆ. ಎಡಕ್ಕೆ ಹಾಕಿ ಎಡಕ್ಕೆ ತಿರುಗಿಸಿ ನೇರ ಮಾಡಿದರೆ ಲಿವರ್ ತಾನೇ ಹಾರಬೇಕು; ಬಲಕ್ಕೂ ಹಾಗೆಯೇ. ಒಂದು ಕಡೆ ಹಾರಿ ಇನ್ನೊಂದು ಕಡೆ ಸುಮ್ಮನಿದ್ದರೆ ಬೆರಳು ಗೊಣಸಿಗೆ ಸರಿಯಾಗಿ ಎಟುಕಿಲ್ಲ, ಸ್ವಿಚ್ಚಿನ ಸ್ಕ್ರೂ ಸಡಿಲಿಸಿ ಮತ್ತೆ ಕೂರಿಸಬೇಕು. ಬ್ಯಾಟರಿಯ ತಂತಿ ತಾಗಿಸಿದ ಕೂಡಲೇ ಹಾರ್ನ್ ಬಾಯಿಬಿಟ್ಟು ನಿಲ್ಲದೆ ಅರಚಿದರೆ ಹಾರ್ನಿನ ತಂತಿಯೋ ಅದರ ಸ್ಪ್ರಿಂಗೋ ಎಲ್ಲಿಯೋ ಕಬ್ಬಿಣಕ್ಕೆ ತಾಗುತ್ತಿದೆ. ಬ್ಯಾಟರಿಯ ತಂತಿ ಕಿತ್ತು, ಮತ್ತೆ ನಟ್ಟಿನಿಂದ ಶುರು.