ಲಿಂಕ್ ಒತ್ತಿದ್ದು ನಾನು, ತೆರೆದದ್ದು ಮಗನ ಪ್ರೊಫೈಲ್‌ನಲ್ಲಿ!

ಇದನ್ನು ಬರೆಯದಿದ್ದರೆ ನನಗೆ ಇವತ್ತು ನಿದ್ದೆ ಬರೋದಿಲ್ಲ.

ಮುಂಬೈ ಹತ್ತಿರದ ಡೊಂಬಿವ್ಲಿಯ ನಮ್ಮ ಮನೆಯಲ್ಲಿರೋದು ಒಂದೇ ಲ್ಯಾಪ್‌ಟಾಪ್. ಅದಕ್ಕೇ ಬ್ರೌಸರ್‌ನಲ್ಲಿ 3 ಪ್ರೊಫೈಲ್ ಮಾಡಿಕೊಂಡಿದ್ದೇವೆ. ನಮ್ಮವರ ಆಫೀಸಿಗೊಂದು, ಮಗನ ಶಾಲೆಗೊಂದು, ನನಗೊಂದು. ಸೊಸೈಟಿಯ ಮೇಂಟೆನೆನ್ಸ್ ಲೆಕ್ಕ ಬರೆಯೋಳು ನಾನು. ಬುಕ್‌ಮಾರ್ಕ್, ಪಾಸ್‌ವರ್ಡ್, ಹಿಸ್ಟರಿ, ಕುಕಿ ಎಲ್ಲಾ ಅವರವರದ್ದು ಅವರವರಿಗೆ. ಅಲ್ಲಿವರೆಗೆ ಸರಿ.

ಆದರೆ ಲ್ಯಾಪ್‌ಟಾಪ್‌ನಲ್ಲಿರೋ ವಾಟ್ಸಾಪ್ ಆ್ಯಪ್‌ಗೆ ಬಂದ ಲಿಂಕ್ ಒತ್ತಿ ನೋಡಿ. ಕೊನೆಗೆ ಯಾರ ಪ್ರೊಫೈಲ್ ಬಳಸಿದ್ದೆವೋ ಅದರಲ್ಲೇ ತೆರೆದುಕೊಳ್ಳುತ್ತದೆ. ಒಂದು ಮಾತು ಕೇಳೋದಿಲ್ಲ!

ಬೆಳಿಗ್ಗೆ ಸೆಕ್ರೆಟರಿ ಕಾಕಾ ಈ ತಿಂಗಳ ಶೀಟ್‌ನ ಲಿಂಕ್ ಕಳಿಸಿದರು. ಗ್ಯಾಸ್ ಮೇಲೆ ಕುಕ್ಕರ್ ಕೂಗುತ್ತಿತ್ತು. ಅವಸರದಲ್ಲಿ ಒತ್ತಿದೆ. 'ನಿಮಗೆ ಅನುಮತಿ ಬೇಕು' ಅಂತ ಬಂತು. ನಾನೇ ತುಂಬೋ ಶೀಟ್, ನನಗೇ ಅನುಮತಿ ಇಲ್ವಾ? ಕಾಕಾ ಮರೆತಿರಬೇಕು ಅಂದುಕೊಂಡು ಅನುಮತಿ ಕೇಳೋ ಬಟನ್ ಒತ್ತಿಬಿಟ್ಟೆ. ಐದು ನಿಮಿಷಕ್ಕೆ ಗ್ರೂಪ್‌ನಲ್ಲಿ, 48 ಮನೆಯವರ ಮುಂದೆ, ಕಾಕಾ ಸ್ಕ್ರೀನ್‌ಶಾಟ್ ಹಾಕಿ 'ಹಾ ಕೋಣ್ ಆಹೆ?' (ಇವನು ಯಾರು?) ಅಂತ ಮರಾಠಿಯಲ್ಲಿ ಕೇಳಿದ್ದಾರೆ. ಅದು ಏಳನೇ ಕ್ಲಾಸಿನ ನನ್ನ ಮಗನ ಶಾಲೆಯ ಐಡಿ. ಅವನು ಪಾಪ ರಾತ್ರಿ ಪ್ರಾಜೆಕ್ಟ್ ಮುಗಿಸಿ ಬ್ರೌಸರ್ ಕಿಟಕಿ ಹಾಗೇ ಬಿಟ್ಟು ಮಲಗಿದ್ದ, ಅಷ್ಟೇ. ನನಗೆ ಮುಖ ಎತ್ತೋಕಾಗಲಿಲ್ಲ.

ಹೋದ ತಿಂಗಳೂ ಇದೇ ಗೋಳು. ಕರೆಂಟ್ ಬಿಲ್ ಕಟ್ಟುವಾಗ ಪಾಸ್‌ವರ್ಡ್ ಉಳಿಸಲೇ ಅಂತ ಕೇಳಿತು, ಹೂಂ ಅಂದೆ. ಅದು ಹೋಗಿ ಕೂತಿದ್ದು ಮಗನ ಪ್ರೊಫೈಲ್‌ನಲ್ಲಿ. ನನ್ನದರಲ್ಲಿ ಹುಡುಕಿ ಹುಡುಕಿ ಸಾಕಾಗಿ ಹೊಸ ಪಾಸ್‌ವರ್ಡ್ ಮಾಡಿಕೊಂಡೆ.

ಗುರುತಿಗೆ ಇರೋದಾದರೂ ಏನು? ಮೇಲೆ ಮೂಲೆಯಲ್ಲಿ ಬಟಾಣಿಯಷ್ಟು ಒಂದು ಗುಂಡು ಚಿತ್ರ. ಬೇರೆ ಬೇರೆ ಬಣ್ಣ ಹಾಕಿಕೊಳ್ಳಿ ಅಂತ ದಯವಿಟ್ಟು ಹೇಳಬೇಡಿ. ಹಾಕಿದ್ದೇನೆ. ನನ್ನದು ಹಳದಿ, ಅವನದು ನೀಲಿ. ಬಣ್ಣ ಕಾಣೋದು ಪುಟ ತೆರೆದ ಮೇಲೆ ಅಲ್ವಾ?

ಈಗ ಪ್ರತಿ ಲಿಂಕನ್ನೂ ಕಾಪಿ ಮಾಡಿ, ಹಳದಿ ಕಿಟಕಿ ಹುಡುಕಿ, ಅಲ್ಲಿ ಪೇಸ್ಟ್ ಮಾಡುತ್ತಿದ್ದೇನೆ. ಬ್ರೌಸರ್ ಶುರು ಮಾಡುವಾಗ ಮೂರೂ ಹೆಸರು ತೋರಿಸಿ ಯಾರು ಅಂತ ಕೇಳುತ್ತದೆ. ಅದೇ ಪ್ರಶ್ನೆಯನ್ನು ಲಿಂಕ್ ಒತ್ತಿದಾಗಲೂ ಕೇಳೋಕೆ ಈ ಬ್ರೌಸರ್ ಮಾಡಿದವರಿಗೇನು ಕಷ್ಟ?