ಒಂಬತ್ತು ಸಲ ಹೋಗಿ ಒಂಬತ್ತು ಸಲವೂ ವಾಪಸ್ ಬಂದವನು

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಅದೇ ಫಾರ್ವರ್ಡ್ ಬಂತು. ಎರಡನೇ ಮಹಾಯುದ್ಧದಲ್ಲಿ ವಿಮಾನ ಸಮೇತ ಶತ್ರು ಹಡಗಿಗೆ ಡಿಕ್ಕಿ ಹೊಡೆದು ಸಾಯಲು ಹೊರಡುತ್ತಿದ್ದ ಜಪಾನಿನ ಕಾಮಿಕಾಜೆ ಪೈಲಟ್‌ಗಳ ವಿಮಾನಕ್ಕೆ ಹೋಗುವಷ್ಟು ಮಾತ್ರ ಪೆಟ್ರೋಲ್ ಹಾಕುತ್ತಿದ್ದರಂತೆ. ಕಾಕ್‌ಪಿಟ್‌ಗೆ ಹೊರಗಿನಿಂದ ಬೀಗವಂತೆ. ಅವರು ನಗುನಗುತ್ತಾ ಸಾಯುತ್ತಿದ್ದರಂತೆ. ಕೆಳಗೆ ಚಿಕ್ಕಪ್ಪನ ಮೂರು ಕೈಮುಗಿಯುವ ಎಮೋಜಿ.

ನಗುನಗುತ್ತಾ ಸಾಯುವವನಿಗೆ ಬೀಗ ಯಾಕೆ ಅಂತ ಯಾರೂ ಕೇಳಲಿಲ್ಲ!

ಸಾಸಾಕಿ ತೊಮೊಜಿ ಅಂತ ಒಬ್ಬ ಇದ್ದ. ಸೇನೆಯ ಕಾರ್ಪೊರಲ್, ವಯಸ್ಸು 21. 1944ರ ನವೆಂಬರಿನಲ್ಲಿ ಫಿಲಿಪೀನ್ಸ್‌ನಿಂದ ಹೊರಟ ಆತ್ಮಾಹುತಿ ಪಡೆಯಲ್ಲಿದ್ದ. ಅವರ ವಿಮಾನಗಳ ಮೂತಿಯಿಂದ ಉದ್ದನೆಯ ಕಡ್ಡಿಗಳು ಕೊಂಬಿನ ಹಾಗೆ ಚಾಚಿಕೊಂಡಿದ್ದವು, ಡಿಕ್ಕಿಯಾದ ಕೂಡಲೇ ಬಾಂಬ್ ಸಿಡಿಯಲಿ ಅಂತ. ಬಾಂಬನ್ನು ಬೀಳಿಸಲು ಬಾರದ ಹಾಗೆ ವಿಮಾನಕ್ಕೇ ಕಟ್ಟಿದ್ದರು. ಅವರ ನಾಯಕ ಇವಾಮೊಟೊ ಅದನ್ನು ಸದ್ದಿಲ್ಲದೆ ಬದಲಾಯಿಸಿ, ಬೀಳಿಸಲು ಬರುವ ಹಾಗೆ ಮಾಡಿಸಿದ. ಹುಡುಗರು ಬಾಂಬ್ ಹಾಕಿ ಬದುಕಿ ಬರಲಿ ಅನ್ನೋದು ಅವನ ಆಸೆ. ಮೊದಲ ದಾಳಿಗೆ ಮುಂಚೆಯೇ ಅವನು ಸತ್ತ.

ಸಾಸಾಕಿ ಹಾಗೇ ಮಾಡಿದ. ಬಾಂಬ್ ಹಾಕಿ ಬೇರೊಂದು ನೆಲೆಯಲ್ಲಿ ಇಳಿದ. ಅಷ್ಟರಲ್ಲಿ ಇವನು ವೀರಮರಣ ಹೊಂದಿದ ಅಂತ ಮೇಲಿನವರು ಘೋಷಿಸಿಯೂ ಆಗಿತ್ತು. ಸತ್ತವನು ಎದುರಿಗೆ ಬಂದು ನಿಂತರೆ ಅವರಿಗೆ ಎಷ್ಟು ಮುಜುಗರ ಅಲ್ವಾ? ಮುಂದಿನ ಸಲ ಸಾಯಲೇಬೇಕು ಅಂದರು. ಮತ್ತೆ ಕಳಿಸಿದರು. ಹೀಗೆ ಒಂಬತ್ತು ಸಲ.

1945ರಲ್ಲಿ ಜಪಾನಿನ ಒಕಿನಾವಾ ದ್ವೀಪಕ್ಕಾಗಿ ನಡೆದ ಯುದ್ಧದಲ್ಲೂ ಎಂಜಿನ್ ಕೆಟ್ಟೋ, ಮೋಡ ಕವಿದೋ, ಹಡಗು ಕಾಣದೆಯೋ ಎಷ್ಟೋ ಜನ ವಾಪಸ್ ಬಂದರು. ಒಂದೇ ದಾರಿಯ ಪೆಟ್ರೋಲ್ ಎಲ್ಲರಿಗೂ ಹಾಕಿದ್ದರೆ ಹೇಗೆ ಬರೋದು? ಹಾಗೆ ಬಂದವರನ್ನು ಕೂಡಿಹಾಕಲೆಂದೇ ಸೇನೆ ಫುಕುವೊಕಾದಲ್ಲಿ ಒಂದು ಕಟ್ಟಡ ಇಟ್ಟಿತ್ತು. ನಿಜವಾಗಿಯೂ ವಾಪಸ್ ಬರಲಾಗದ್ದು ಓಕಾ. ಅದು ದೊಡ್ಡ ವಿಮಾನದ ಹೊಟ್ಟೆಗೆ ನೇತುಹಾಕಿದ, ಚಕ್ರವೇ ಇಲ್ಲದ ಬಾಂಬ್. ಒಳಗೆ ಒಬ್ಬ ಹುಡುಗ.

ಇನ್ನು ಇವರೆಲ್ಲ ಸ್ವಯಂಪ್ರೇರಣೆಯಿಂದ ಹೋದರು ಅನ್ನೋ ಮಾತು. ಆತ್ಮಾಹುತಿ ಪಡೆ ಸೇರುವ ಆಸೆ ಇದೆಯಾ ಅಂತ ಕೆಲವು ಕಡೆ ಒಂದು ಚೀಟಿ ಕೊಡುತ್ತಿದ್ದರು: ತುಂಬಾ ಆಸೆ ಇದೆ, ಆಸೆ ಇದೆ, ಇಲ್ಲ. ಕೆಳಗೆ ನಿಮ್ಮ ಹೆಸರು. ಪಕ್ಕದಲ್ಲಿ ಗೆಳೆಯ, ಎದುರಿಗೆ ಅಧಿಕಾರಿ. ನಾನಾಗಿದ್ದರೂ 'ಇಲ್ಲ' ಅಂತ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಇವರಲ್ಲಿ ಬಹಳಷ್ಟು ಜನ 1943ರಲ್ಲಿ ಕಾಲೇಜು ಬಿಡಿಸಿ ಕರೆತಂದ ವಿದ್ಯಾರ್ಥಿಗಳು. ಕೇಯೊ ವಿಶ್ವವಿದ್ಯಾಲಯದ ಉಎಹಾರಾ ರ್ಯೋಜಿ 1945ರ ಮೇ 11ರಂದು ಸತ್ತ. ಸರ್ವಾಧಿಕಾರದ ದೇಶ ಕೊನೆಗೆ ಸೋಲುತ್ತದೆ ಅಂತ ಹಿಂದಿನ ರಾತ್ರಿ ಬರೆದಿಟ್ಟು ಹೋಗಿದ್ದ.

ಜಪಾನಿನ ನುರಿತ ಪೈಲಟ್‌ಗಳೆಲ್ಲ 1942ರ ಮಿಡ್‌ವೇ ನೌಕಾಯುದ್ಧದಲ್ಲೇ ಮುಗಿದರು, ಅದಕ್ಕೇ ಆತ್ಮಾಹುತಿಗೆ ಇಳಿದರು ಅನ್ನೋದೂ ಒಂದು ಕಥೆ. ಅಲ್ಲಿ ಸತ್ತ ಸುಮಾರು 3,000 ಜಪಾನೀಯರಲ್ಲಿ ವಿಮಾನ ಸಿಬ್ಬಂದಿ 110ರ ಆಸುಪಾಸು ಅಷ್ಟೇ. ಅವರನ್ನು ಜಾಸ್ತಿ ತಿಂದಿದ್ದು ಸಾಲೊಮನ್ ದ್ವೀಪಗಳು. ಜಪಾನಿನ ನೆಲೆಯಿದ್ದ ರಬೌಲ್‌ನಿಂದ ಅಲ್ಲಿನ ಗ್ವಾಡಲ್‌ಕೆನಾಲ್ ದ್ವೀಪಕ್ಕೆ 1,000 ಕಿಲೋಮೀಟರ್, ಕಾದಾಡಿ ಮತ್ತೆ ಅಷ್ಟೇ ದೂರ ವಾಪಸ್. ಅಮೆರಿಕದವರು ಪಳಗಿದ ಪೈಲಟ್‌ಗಳನ್ನು ಹೊಸಬರಿಗೆ ಕಲಿಸಲು ಮನೆಗೆ ಕಳಿಸುತ್ತಿದ್ದರು. ಜಪಾನಿನವರು ಸಾಯುವವರೆಗೂ ಹಾರಿಸಿದರು. ಕೊನೆಗೆ ಉಳಿದಿದ್ದು ಲ್ಯಾಂಡಿಂಗೇ ಸರಿಯಾಗಿ ಬಾರದ ಹುಡುಗರು. ಇದು ಸಮುರಾಯ್ ಗುಣ ಅಲ್ಲ ಸ್ವಾಮಿ, ಕೆಟ್ಟ ಯೋಜನೆ.

ಸಾಸಾಕಿ ಹೊಕ್ಕೈಡೋಗೆ ಮರಳಿ, 2016ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಕಥೆಯನ್ನು ಚಿಕ್ಕಪ್ಪನಿಗೆ ಕಳಿಸಿದ್ದೇನೆ. ಎರಡು ನೀಲಿ ಟಿಕ್ ಬಂದಿವೆ. ಎಮೋಜಿ ಇನ್ನೂ ಇಲ್ಲ.